ಆರಿದ ಮೇಲಿನ ಅಳತೆ

ಪೀಣ್ಯದ ಆ ಚಿಕ್ಕ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿ ಪೀಸಿನ ಮೇಲೂ ‘ಕಾ’ ಎಂಬ ಒಂದು ಅಕ್ಷರ ಇರುತ್ತಿತ್ತು. ಅದು ಕಾಡಪ್ಪನ ಗುರುತು. ಅಳತೆ ನೋಡಿ, ಸರಿಯಿದ್ದರೆ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಏಟು. ಹತ್ತೊಂಬತ್ತು ವರ್ಷದಲ್ಲಿ ಆ ಗುರುತು ಬಿದ್ದ ಒಂದು ಪೀಸೂ ತಿರುಗಿ ಬಂದಿರಲಿಲ್ಲ. ಮಾಲೀಕ ಹರ್ಷವರ್ಧನನಿಗೇ ಎದುರು ಮಾತಾಡುವ ಧೈರ್ಯ ಅವನಿಗೆ ಬಂದದ್ದು ಅದರಿಂದಲೇ.

ಗಡಿಯಲ್ಲಿ ಗುಂಡಿನ ಸದ್ದು ಶುರುವಾಗಿ ನಾಲ್ಕು ದಿನವಾಗಿತ್ತು. ಲಗ್ಗೆರೆಯ ಬಾಡಿಗೆ ಕೋಣೆಗಳಿಂದ ಹಿಡಿದು ಪೀಣ್ಯದ ಟೀ ಅಂಗಡಿಗಳವರೆಗೆ ಎಲ್ಲರೂ ಸೇನಾಪತಿಗಳಾಗಿದ್ದರು. ಕಾಡಪ್ಪ ಬೆಳಗ್ಗೆ ಮುಖ ತೊಳೆಯುವ ಮುಂಚೆಯೇ ಟೀವಿ ಹಾಕಿ, ವೈರಿಗಳನ್ನು ಹೊಟ್ಟೆ ತುಂಬ ಬೈದು, ಆಮೇಲೆ ಕೆಲಸಕ್ಕೆ ಬರುತ್ತಿದ್ದ.

ಆ ಮಧ್ಯಾಹ್ನ ಊಟದ ಹೊತ್ತಿಗೆ ಯಮುನಾ ಎಂಬ ಕಾಲೇಜು ಹುಡುಗಿ ಟ್ಯಾಬ್ ಹಿಡಿದು ಬಂದಳು. ಸೈನ್ಯ, ಯುದ್ಧದ ಬಗ್ಗೆ ಜನರ ಅಭಿಪ್ರಾಯ ಕೇಳುವ ಸರ್ವೆ. ಹೆಸರು ಬೇಡ, ವಯಸ್ಸು ಮತ್ತು ಕೆಲಸ ಹೇಳಿದರೆ ಸಾಕು ಎಂದಳು. ಸೈನ್ಯಕ್ಕೆ ಇನ್ನೂ ದುಡ್ಡು ಕೊಡಬೇಕೇ ಎಂದು ಕೇಳಿದಳು, ಹುಡುಗರೆಲ್ಲ ಎರಡು ವರ್ಷ ಸೈನ್ಯದಲ್ಲಿರಬೇಕೇ ಎಂದು ಕೇಳಿದಳು. ಕೊನೆಯ ಪ್ರಶ್ನೆ ಅಣುಬಾಂಬಿನದು. ಅವರು ಹಾಕದಿದ್ದರೂ ನಾವೇ ಮೊದಲು ಹಾಕಬಹುದೇ? ಹಾಕಬಹುದು, ಹಾಕಬಾರದು, ಗೊತ್ತಿಲ್ಲ. ಈ ಮೂರರಲ್ಲಿ ಒಂದು ಹೇಳಬೇಕು.

ಕಾಡಪ್ಪ ಬಾಯಲ್ಲಿದ್ದ ತುತ್ತು ನುಂಗುವ ಮುಂಚೆಯೇ ಹೇಳಿದ. “ಹಾಕಬಹುದು ಅಂತ ಬರ್ಕೊ. ಇವತ್ತ ಹಾಕ್ಲಿ.”

ಅವನ ಹಿಂದೆ ಇನ್ನೂ ಏಳು ಜನ ಅದನ್ನೇ ಹೇಳಿದರು. ಉಕ್ಕು ಉಜ್ಜುವ ಗ್ರೈಂಡಿಂಗ್ ಮೆಷಿನ್ನಿನ ಸಿದ್ರಾಮ ಮಾತ್ರ ಗೊತ್ತಿಲ್ಲ ಎಂದ. ಅವನ ತಮ್ಮ ರೇವಣಸಿದ್ದ ಸೈನ್ಯದಲ್ಲಿದ್ದ, ಅದೇ ಗಡಿಯಲ್ಲಿ. ನಾಲ್ಕು ದಿನದಿಂದ ಅವನ ಫೋನಿರಲಿಲ್ಲ. ಅದು ಕಾಡಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತಡೆಯಲಿಲ್ಲ.

“ತಮ್ಮ ಅಲ್ಲಿ ಎದಿ ಕೊಟ್ಟು ನಿಂತಾನ, ಅಣ್ಣಗ ಇಲ್ಲೇ ಕೂತು ಕಾಲು ನಡಗ್ತಾವು ನೋಡ್ರಿ.”

ಎಲ್ಲರೂ ನಕ್ಕರು. ಸಿದ್ರಾಮ ಅರ್ಧ ತಿಂದ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಎದ್ದುಹೋದ.

ಮೂರು ಗಂಟೆಗೆ ಅದೇ ಸಿದ್ರಾಮ ನಲವತ್ತು ಪಿನ್ನುಗಳ ಟ್ರೇ ತಂದು ಕಾಡಪ್ಪನ ಮೇಜಿನ ಮೇಲೆ ಕುಕ್ಕಿದ. ಸೈನ್ಯದ ಲಾರಿಗಳಲ್ಲಿ ಭಾಗಗಳನ್ನು ಜೋಡಿಸುವ ಉಕ್ಕಿನ ಪಿನ್ನು. ಬಾಗಿಲಲ್ಲಿ ಗಾಡಿ ಕಾಯುತ್ತಿತ್ತು. ಇಂಥ ಹೊತ್ತಿನಲ್ಲಿ ತಡವಾಗಬಾರದು, ಇದು ದೇಶದ ಕೆಲಸ ಎಂದು ಹರ್ಷವರ್ಧನ್ ಎರಡು ಸಲ ಬಂದು ಹೇಳಿಹೋಗಿದ್ದ.

ಕಾಡಪ್ಪ ಒಂದು ಪಿನ್ನು ಕೈಗೆತ್ತಿಕೊಂಡ. ಮೆಷಿನ್ನಿಗೆ ತಂಪು ನೀರು ಬಿಡುವ ಪಂಪು ಬೆಳಗ್ಗೆಯಿಂದ ಸೊರಗಿತ್ತು, ಹಾಗಾಗಿ ಪಿನ್ನು ಒಳ್ಳೆ ಬಿಸಿಯಾಗಿತ್ತು. ಬಿಸಿಯಲ್ಲಿ ಉಕ್ಕು ಹಿಗ್ಗುತ್ತದೆ. ಈಗ ಅಳೆದರೆ ಸರಿ ಎನ್ನುತ್ತದೆ, ಆರಿದ ಮೇಲೆ ಕುಗ್ಗಿ ಲಾರಿಯಲ್ಲಿ ಸಡಿಲ ಕೂರುತ್ತದೆ. ಹೊಸಬರು ಮಾಡುವ ತಪ್ಪು ಇದು.

“ಆರಲಿ. ಬಿಸಿ ಇದ್ದಾಗ ನಾ ಗುರುತು ಹಾಕಂಗಿಲ್ಲ.”

ಸಿದ್ರಾಮ ಅಲ್ಲಿಂದ ಕದಲಲಿಲ್ಲ. ದನಿಯನ್ನೂ ಏರಿಸಲಿಲ್ಲ. “ಪಿನ್ನಿಗೆ ಆರಾಕ ಬಿಡ್ತಿ. ಊಟಕ್ಕ ಕೂತಾಗ ಆ ಹುಡುಗಿ ಕೇಳಿದ್ಲಲ್ಲ, ಆವಾಗ ನೀ ಎಷ್ಟು ಆರಿದ್ದಿ ಅಣ್ಣಾ?”

ಕಾಡಪ್ಪನಿಗೆ ಕೋಪ ನೆತ್ತಿಗೇರಿತು. ಕೈಯಲ್ಲಿ ಪಿನ್ನು ಇನ್ನೂ ಸುಡುತ್ತಿತ್ತು. ಅದನ್ನು ಟ್ರೇಗೆ ಹಾಕಿ, ಒಂದನ್ನೂ ಮುಟ್ಟಬೇಡ, ಅರ್ಧ ಗಂಟೆ ಫ್ಯಾನಿನ ಕೆಳಗಿಡು ಎಂದು ಹೇಳಿ, ಆ ಸರ್ವೆ ಹುಡುಗಿಯನ್ನು ಹುಡುಕಿಕೊಂಡು ಹೊರಟ. ಬಾಗಿಲಲ್ಲಿ ಅಡ್ಡ ಬಂದ ಹರ್ಷವರ್ಧನನಿಗೆ, ಸಡಿಲ ಪಿನ್ನು ಕಳಿಸೋದು ದೇಶದ ಕೆಲಸ ಅಲ್ಲ ಸಾರ್ ಎಂದ. ಮಾಲೀಕ ದಾರಿ ಬಿಟ್ಟ.

ಯಮುನಾ ಅದೇ ಸಾಲಿನಲ್ಲಿ ನಾಲ್ಕು ಕಾರ್ಖಾನೆ ಮುಗಿಸಿ, ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ನಿಂತಿದ್ದಳು. ನಾಗಸಂದ್ರದ ಬಸ್ಸಿಗೆ ಕಾಯುತ್ತಿದ್ದಳು. ಕಾಡಪ್ಪ ಏದುಸಿರು ಬಿಡುತ್ತ ಹೋಗಿ, ನನ್ನ ಉತ್ತರ ತಪ್ಪಾಗಿದೆ, ತೆಗೆ ಎಂದ.

ಅವಳು ಗಾಬರಿಯಾದಳು. “ಅದರಲ್ಲಿ ನಿಮ್ಮ ಹೆಸರೇ ಇಲ್ವಲ್ಲ ಅಂಕಲ್. ನೀವು ಹೇಳಿದ್ದು ಅಂತ ಯಾರಿಗೆ ಗೊತ್ತಾಗುತ್ತೆ?”

“ನನಗ ಗೊತ್ತೈತಲ್ಲವ್ವಾ.”

ಅವಳು ಟ್ಯಾಬ್ ತೆರೆದಳು. ಸಂಜೆ ಆಫೀಸಿಗೆ ಕಳಿಸುವವರೆಗೆ ಉತ್ತರ ಕೊಟ್ಟವರೇ ಬಂದು ಕೇಳಿದರೆ ತಿದ್ದಬಹುದಂತೆ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ವಯಸ್ಸು, ಕೆಲಸ ನೋಡಿ ಹುಡುಕಿ, ಅದೇ ಪ್ರಶ್ನೆಯನ್ನು ಮತ್ತೆ ಓದಿದಳು. ಈ ಸಲ ಕಾಡಪ್ಪ ಅವಸರ ಮಾಡಲಿಲ್ಲ. ಬಸ್ಸೊಂದು ಬಂದು ನಿಂತು ಹೋಯಿತು. ಅವಳೂ ಅದನ್ನು ಹತ್ತಲಿಲ್ಲ.

“ಬಾಂಬು ನಮ್ಮ ಹತ್ರ ಇರಬೇಕು,” ಎಂದ. “ಇಲ್ಲಂದ್ರ ಮೈಮ್ಯಾಲ ಬರ್ತಾರ. ಅದರಾಗ ನನ್ನ ಮಾತು ಬದಲಾಗಿಲ್ಲ. ಆದ್ರ ಮೊದಲು ಎತ್ತಬಾರದು. ಗುಂಡಿ ಒತ್ತಾವ ದಿಲ್ಲ್ಯಾಗ ಇರ್ತಾನ, ನಾ ಟೀವಿ ಮುಂದ ಇರ್ತೀನಿ. ನಮ್ಮ ಸಿದ್ರಾಮನ ತಮ್ಮ ಗಡ್ಯಾಗ ಇರ್ತಾನ.”

ಅಷ್ಟೆಲ್ಲ ಬರೆಯೋಕೆ ಜಾಗ ಇಲ್ಲ ಎಂದಳು.

“ಹಾಕಬಾರದು. ಇಷ್ಟಕ್ಕಾದ್ರೂ ಜಾಗ ಐತೇನು?”

ಅವಳು ನಕ್ಕು ಒತ್ತಿದಳು, ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಕಾಡಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಪಿನ್ನನ್ನೂ ಅವನು ಎರಡು ಸಲವೇ ಅಳೆಯುವುದು.

ವಾಪಸು ಬಂದಾಗ ಪಿನ್ನುಗಳು ತಣ್ಣಗಾಗಿದ್ದವು. ಒಂದೊಂದಾಗಿ ಅಳೆದ. ಮೂವತ್ತೊಂದಕ್ಕೆ ಗುರುತು ಬಿತ್ತು, ಒಂಬತ್ತು ‘ರಿಜೆಕ್ಟ್’ ಎಂದು ಕೆಂಪು ಡಬ್ಬಿಗೆ ಬಿದ್ದವು. ಹರ್ಷವರ್ಧನ್ ಕೆಂಪು ಡಬ್ಬಿಯನ್ನೊಮ್ಮೆ ನೋಡಿ, ಗಾಡಿಯವನಿಗೆ ಮೂವತ್ತೊಂದೇ ತುಂಬಿಕೋ ಎಂದ.

ಚಹಾದ ಹೊತ್ತಿಗೆ ಕಾಡಪ್ಪ ಎರಡು ಲೋಟ ಹಿಡಿದು ನೇರ ಗ್ರೈಂಡಿಂಗ್ ಮೆಷಿನ್ನಿನ ಹತ್ತಿರ ಹೋದ. ಊಟದಲ್ಲಿ ನಕ್ಕಿದ್ದ ಏಳೂ ಜನ ನೋಡುತ್ತಿದ್ದರು. ಅವರಿಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದ.

“ನಾ ಆಡಿದ ಮಾತು ರಿಜೆಕ್ಟ್, ಸಿದ್ರಾಮ. ಹುಡುಗಿ ಹತ್ರ ಹೋಗಿ ತಿದ್ದಿಸಿ ಬಂದೀನಿ.”

ಸಿದ್ರಾಮ ಲೋಟ ತೆಗೆದುಕೊಂಡ. ಮೆಷಿನ್ನು ನಿಲ್ಲಿಸಿ, ಮಧ್ಯಾಹ್ನದ ಡಬ್ಬಿಯನ್ನು ಹೊರತೆಗೆದು, ಉಳಿದಿದ್ದ ರೊಟ್ಟಿಯನ್ನು ಮುರಿದು ಅರ್ಧವನ್ನು ಕಾಡಪ್ಪನ ಕೈಗಿಟ್ಟ.