ಸಾವಿನ ಮನೆಯಲ್ಲಿ ಮಿಲೆಂಬೆಯ ನಗು

ಮಾವ ಸತ್ತ ಬೆಳಿಗ್ಗೆ ಕಲುಂಡೆಗೆ ಅವಳ ಅತ್ತೆ ಖಡಾಖಂಡಿತವಾಗಿ ಹೇಳಿದಳು: "ಮಗೂನ ಕರ್ಕೊಂಡು ಹಿತ್ತಲಲ್ಲೇ ಇರು. ಅವಳು ಹೆಣದ ಮುಂದೆ ನಕ್ರೆ ನನ್ನ ಮಾನ ಹೋಗುತ್ತೆ."

ಕಲುಂಡೆಯ ಮಗಳು ಮಿಲೆಂಬೆಗೆ ಐದು ವರ್ಷ. ಮಾತು ಬಾರದು, ನಡೆದರೆ ತೂರಾಡುತ್ತಾಳೆ. ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟು ಮಿದುಳು ಸರಿಯಾಗಿ ಬೆಳೆದಿಲ್ಲ, ಹೊತ್ತುಗೊತ್ತಿಲ್ಲದೆ ಬರುವ ಈ ನಗುವೂ ಆ ಕಾಯಿಲೆಯದೇ ಎಂದು ದಾರ್ ಎಸ್ ಸಲಾಮ್‌ನ ಡಾಕ್ಟರು ಹೇಳಿದ್ದರು. ಅಂದಿನಿಂದ ಕಲುಂಡೆ ಮದುವೆ, ಸಾವು ಯಾವುದಕ್ಕೂ ಹೋದವಳಲ್ಲ. ಆದರೆ ಮಾವನ ಮುಖವನ್ನು ಕೊನೆಯ ಸಲ ನೋಡಲೇಬೇಕಿತ್ತು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದವರು ಅವರೊಬ್ಬರೇ.

ಮಗುವನ್ನು ಎತ್ತಿಕೊಂಡು ಅವಳು ಹೆಂಗಸರ ಚಾಪೆಯ ತುದಿಯಲ್ಲಿ ಕುಳಿತಳು. ಅಷ್ಟರಲ್ಲಿ ಎಂಗೋನಿ ಕುಲದವರು ಬಂದರು. ಕಲುಂಡೆಯ ಮನೆಯವರು ನ್ಯಾಮ್ವೇಜಿ ಕುಲದವರು; ನ್ಯಾಮ್ವೇಜಿಗಳ ಸಾವಿನಲ್ಲಿ ತಮಾಷೆ ಮಾಡುವುದು ಹಿಂದಿನಿಂದಲೂ ಎಂಗೋನಿಗಳ ಹಕ್ಕು. ಯಾರೂ ಸಿಟ್ಟಾಗುವಂತಿಲ್ಲ. ಅವರ ಪೈಕಿ ಬೋಳುತಲೆಯ ಮುದುಕ ಗಾಮಾ ಹೆಣದ ಪಕ್ಕದಲ್ಲೇ ಮಲಗಿ, "ಏಳೋ ಸೋಮಾರಿ, ಉಗಾಲಿ ಮುದ್ದೆ ಆರೋಯ್ತು!" ಎಂದು ಕೂಗಿದ.

ಮಿಲೆಂಬೆ ಕೈ ಬಡಿಯುತ್ತ ಕೇಕೆ ಹಾಕಿ ನಕ್ಕಳು. ಅತ್ತೆ ದುರುಗುಟ್ಟಿ ನೋಡಿದಳು.

ಗಾಮಾ ಎದ್ದು ಕುಳಿತ. "ಇದು ನಮ್ಮ ಕುಲದ ಕೂಸು ಕಣ್ರೋ! ಕದ್ದಿಟ್ಕೊಂಡಿದೀರಾ? ವಾಪಸ್ ಕೊಡ್ರೋ ಕಳ್ಳರಾ!"

"ತಗೊಂಡೋಗಜ್ಜ," ಎಂದಳು ಕಲುಂಡೆ. "ರಾತ್ರಿಯೆಲ್ಲ ನಿದ್ದೆ ಮಾಡಲ್ಲ, ಕೂದಲು ಹಿಡಿದು ಜಗ್ತಾಳೆ. ನಿನಗಂತೂ ಆ ಭಯ ಇಲ್ಲ!"

ಇಡೀ ಅಂಗಳ ನಕ್ಕಿತು. ಅತ್ತೆಯೂ ತಡೆಯಲಾರದೆ ನಕ್ಕು, ಕಣ್ಣೊರೆಸಿಕೊಂಡು ಚಾಪೆಯಲ್ಲಿ ಪಕ್ಕಕ್ಕೆ ಸರಿದಳು.

"ಇಲ್ಲಿ ಬಾರೆ. ಅಲ್ಲಿಂದ ಮುಖ ಕಾಣಲ್ಲ."