ಪಕ್ಕದ ಮೇಜು

ಅಧೀಕ್ಷಕರು ಸಾವಿನ ಮನೆಯ ಗೇಟಿನ ಬಳಿ ನಿಂತು ತಲೆ ಎಣಿಸುತ್ತಿದ್ದರು. ಅರವತ್ತು ದಾಟುವಷ್ಟರಲ್ಲಿ ಇನ್ನೊಂದು ಬಸ್ಸು ಬಂದು ನಿಂತು ಲೆಕ್ಕ ತಪ್ಪಿತು. ಒಬ್ಬ ಗುಮಾಸ್ತ ಸತ್ತರೆ ಇಷ್ಟು ಜನವೇ? ತಮ್ಮ ನಿವೃತ್ತಿಯ ದಿನ ಅರ್ಧ ಖಾಲಿಯಿದ್ದ ಹಾಲ್ ನೆನಪಾಯಿತು. ಬಸ್ಸಿನ ಹಣೆಯ ಮೇಲಿದ್ದ ಊರಿನ ಹೆಸರು ಓದಿ ಎರಡು ಹೆಜ್ಜೆ ಹಿಂದೆ ಸರಿದರು.

ಮೊದಲು ಇಳಿದ ಪಂಪ್ ಆಪರೇಟರ್ ಮಾತಿನ ಮಲ್ಲ. ಯಾರೂ ಕೇಳದೆಯೇ ಶುರುಮಾಡಿದ: ತೆರಿಗೆ ವಸೂಲಾಗುವವರೆಗೆ ತಮ್ಮ ಪುರಸಭೆಯ ಕೈ ಬರಿದಾಗಿರುತ್ತದಂತೆ, ಸಂಬಳಕ್ಕೆಂದು ಆರು ತಿಂಗಳ ಸಾಲಪತ್ರ ಬರೆಯುತ್ತಾರಂತೆ, ಬ್ಯಾಂಕಿನವರು ಮೂಗು ಮುರಿದಾಗ ಸರ್ಕಾರಿ ಖಜಾನೆಯ ದುಡ್ಡಿನಲ್ಲಿ ಅದನ್ನು ಕೊಳ್ಳುತ್ತಿದ್ದವರು ತೀರಿಕೊಂಡ ಇವರೊಬ್ಬರೇ ಅಂತೆ.

“ನಾವು ಅವರನ್ನ ನಲ್ಲಿ ಸಾಹೇಬ್ರು ಅಂತಿದ್ವಿ. ತಾವು ಅವರ ಆಫೀಸಿನವರಾ?”

“ಪಕ್ಕದ ಮೇಜು,” ಎಂದರು ಅಧೀಕ್ಷಕರು. “ಮೂವತ್ತು ವರ್ಷ.”

“ಪುಣ್ಯ ಮಾಡಿದ್ರಿ ಬಿಡಿ.”

*

ಸಾಲಪತ್ರ ಬಂತೆಂದರೆ ನಲ್ಲಿ ಸಾಹೇಬರು ಬಸ್ಸು ಹತ್ತಿ ಆ ಊರಿಗೇ ಹೋಗುತ್ತಿದ್ದರು. ಬೀದಿ ನಲ್ಲಿಯಲ್ಲಿ ನೀರು ಕುಡಿದು, ಎಷ್ಟು ನಲ್ಲಿ ಸೋರುತ್ತಿವೆ ಎಂದು ನೋಡಿ ಬರುತ್ತಿದ್ದರು. ಹೊತ್ತಿಗೆ ಸರಿಯಾಗಿ ವಾಷರ್ ಬದಲಿಸುವ ಊರು ಸಾಲವನ್ನೂ ತೀರಿಸುತ್ತದೆ ಎಂಬುದು ಅವರ ವಾದ. ಪಕ್ಕದ ಮೇಜಿನವರು ಉದ್ದುದ್ದ ಕೋಷ್ಟಕ ಹಾಕಿ ದೊಡ್ಡ ಬ್ಯಾಂಕುಗಳಲ್ಲಿ ಹಣ ಇಡುತ್ತಿದ್ದರು. ಎರಡೂ ಕಡೆಯ ಹಣ ಸುರಕ್ಷಿತವಾಗಿ ಮರಳುತ್ತಿತ್ತು. ಆದರೆ ಕುಶಲ ಕೇಳುವ ಪತ್ರಗಳು ಬರುತ್ತಿದ್ದದ್ದು ಒಂದೇ ಮೇಜಿಗೆ.

ಒಂದು ವರ್ಷ, ನಲ್ಲಿ ಸಾಹೇಬರು ಒಪ್ಪಿ ಸಹಿ ಮಾಡಿದ್ದ, ಒಂದು ಊರಿನ ಸಾಲಪತ್ರದ ಫೈಲು ಪಕ್ಕದ ಮೇಜಿನ ಡ್ರಾಯರು ಸೇರಿತು. ಸ್ವಲ್ಪ ಬೈಸಿಕೊಳ್ಳಲಿ, ನಾಲ್ಕು ದಿನ ಬಿಟ್ಟು ತೆಗೆದರಾಯಿತು ಎಂದುಕೊಂಡಿದ್ದರು ಬೀಗ ಹಾಕಿದವರು. ಮೂರನೆಯ ದಿನವೇ ಹೂಡಿಕೆಯ ಗಡುವು ಮುಗಿಯಿತು. ಆ ಊರಿಗೆ ಎರಡು ತಿಂಗಳು ಸಂಬಳವಿಲ್ಲ. ವಿಚಾರಣೆಯಲ್ಲಿ ನಲ್ಲಿ ಸಾಹೇಬರು, ಫೈಲು ತಮ್ಮ ಕೈಯಿಂದಲೇ ಕಳೆದುಹೋಯಿತು ಎಂದುಬಿಟ್ಟರು. ಅವರಿಗೆ ಬರಬೇಕಿದ್ದ ಅಧೀಕ್ಷಕರ ಹುದ್ದೆ ಪಕ್ಕದ ಮೇಜಿಗೆ ಹೋಯಿತು.

*

“ಒಂದು ಸಲ ನಮಗೆ ಸಂಬಳ ನಿಂತಿತ್ತು ಸಾರ್,” ಆಪರೇಟರ್ ಇನ್ನೂ ಹೇಳುತ್ತಿದ್ದ. “ಸಾಹೇಬ್ರೇ ಊರಿಗೆ ಬಂದು ತಪ್ಪು ನಂದು ಅಂದ್ರು. ಬೈಯೋಕೆ ಸೇರಿದ್ದವರು ಟೀ ಕುಡಿಸಿ ಕಳಿಸಿದ್ವಿ.”

ಅಧೀಕ್ಷಕರಿಗೆ ಆ ಟೀಯ ಮೇಲೂ ಹೊಟ್ಟೆಕಿಚ್ಚಾಯಿತು. ತಪ್ಪು ತಮ್ಮದು, ಟೀ ಅವರಿಗೆ.

ಸಾಹೇಬರ ಹೆಂಡತಿ ಅಧೀಕ್ಷಕರನ್ನು ಪಡಸಾಲೆಯ ಮೂಲೆಗೆ ಕರೆದರು. ದನಿ ತಗ್ಗಿಸಿ, “ಅಣ್ಣ, ಆ ಫೈಲು ಎಲ್ಲಿತ್ತು ಅಂತ ನಮ್ಮನೆಯವರಿಗೆ ಗೊತ್ತಿತ್ತು,” ಎಂದರು.

ಅಧೀಕ್ಷಕರು ಬಾಗಿಲ ಕಡೆಗೊಮ್ಮೆ ನೋಡಿದರು. “ಮತ್ತೆ ಯಾಕಮ್ಮ ಹೇಳಲಿಲ್ಲ?”

“ನಾನೂ ಅದನ್ನೇ ಕೇಳಿದ್ದೆ. ಅವನಿಗೆ ಕುರ್ಚಿ ಬೇಕು, ನಂಗೆ ಊರೂರು ತಿರುಗೋ ಬಸ್ಸು ಸಾಕು ಕಣೆ, ಅಂದ್ರು.” ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. “ನಾನು ಯಾರಿಗೂ ಹೇಳಲ್ಲ. ಆ ಊರಿನವರು ಬಂದಿದಾರೆ. ಹೇಳೋದಿದ್ರೆ ನೀವೇ ಹೇಳಿ.”

ಹೊರಗೆ ಶವಪೆಟ್ಟಿಗೆ ಎತ್ತುತ್ತಿದ್ದರು. ಅಧೀಕ್ಷಕರು ಆಪರೇಟರನ ಹತ್ತಿರ ಹೋಗಿ, “ನೋಡಪ್ಪ, ಆ ಸಂಬಳದ ವಿಷಯ…” ಎಂದು ಬಾಯಿ ತೆರೆದರು. ಸತ್ತವರ ಪರವಾಗಿ ಕ್ಷಮೆ ಕೇಳುತ್ತಿದ್ದಾರೆ ಎಂದುಕೊಂಡ ಆತ, ಅದೆಲ್ಲ ಈಗ್ಯಾಕೆ ಸಾರ್ ಎನ್ನುತ್ತ, ಹೆಗಲು ಕೊಟ್ಟಿದ್ದವನೊಬ್ಬನನ್ನು ಸರಿಸಿ ಅವರಿಗೆ ಜಾಗ ಮಾಡಿಕೊಟ್ಟ.

ಅಧೀಕ್ಷಕರು ಒಳಗೆ ತೂರಿ ನಿಂತರು. ಉಳಿದವರೆಲ್ಲ ಎತ್ತರದ ಆಳುಗಳು. ಪೆಟ್ಟಿಗೆ ಅವರ ಹೆಗಲಿಗಿಂತ ನಾಲ್ಕು ಬೆರಳು ಮೇಲಿತ್ತು. ಕೈಯೆತ್ತಿ ಅಂಗೈಯನ್ನು ಮರಕ್ಕೆ ತಾಗಿಸಿ ಹಿಡಿದು, ಹೆಗಲ ಮೇಲೆ ಒಂದಿಷ್ಟೂ ಭಾರವಿಲ್ಲದೆ, ಉಳಿದವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದರು.