ಏಳನೇ ತಟ್ಟೆಯ ಸೇಬು

ಊರ ಸೇಬಿನ ಸ್ಪರ್ಧೆಯಲ್ಲಿ ಏಳನೇ ತಟ್ಟೆಯ ಹೋಳನ್ನು ಕಚ್ಚಿದ್ದೇ ತಡ, ವಿನಿಫ್ರೆಡ್ ಅಂಕ ಹಾಕುವ ಪೆನ್ಸಿಲ್ ಕೆಳಗಿಟ್ಟಳು. ಮೊದಲು ಹಲ್ಲು ಜುಮ್ಮೆನ್ನಿಸುವ ಹುಳಿ, ಆಮೇಲೆ ಸೋಂಪಿನ ಸಣ್ಣ ಘಮ. ಈ ರುಚಿ ಭೂಮಿಯ ಮೇಲೆ ಒಂದೇ ಮರಕ್ಕಿತ್ತು. ಅವಳ ಮಗಳು ತಾನು ತಿಂದ ಸೇಬಿನ ಬೀಜ ಊರಿ ಹಿತ್ತಲಲ್ಲಿ ಬೆಳೆಸಿದ ಮರ. ಬೀಜದಿಂದ ಹುಟ್ಟಿದ ಸೇಬಿಗೆ ಜೋಡಿ ಇರುವುದಿಲ್ಲ. ರೆಂಬೆ ಕತ್ತರಿಸಿ ಕಸಿ ಕಟ್ಟಿದರಷ್ಟೇ ಅದು ಇನ್ನೊಂದು ಕಡೆ ಬದುಕುತ್ತದೆ. ಮಗಳು ನದಿಯ ಪಾಲಾದ ಚಳಿಗಾಲದಲ್ಲೇ ಗಂಡ ಗ್ವಿಲಿಮ್ ಆ ಮರ ಕಡಿದುಹಾಕಿದ್ದ. ಅಂದಿನಿಂದ ಅವನ ಬಾಯಲ್ಲಿ ಮಗಳ ಹೆಸರೂ ಬಂದಿರಲಿಲ್ಲ.

ಊರ ಸಭಾಂಗಣದ ತುಂಬ ಹಿತ್ತಲಲ್ಲಿ ಸೇಬು ಬೆಳೆಯುವವರು. ಈ ಹಿಯರ್‌ಫರ್ಡ್ ಸೀಮೆಯವರಿಗೆ ಹೆಂಡತಿಯ ಹುಟ್ಟುಹಬ್ಬ ಮರೆತುಹೋಗುತ್ತದೆ, ಪಕ್ಕದವನ ಸೇಬು ಯಾವ ವರ್ಷ ಹಿಟ್ಟುಹಿಟ್ಟಾಗಿತ್ತು ಅನ್ನುವುದು ಮರೆಯುವುದಿಲ್ಲ. ಎಲ್ಲರೂ ಅಗಿಯುತ್ತಿದ್ದರು, ಅಂಕ ಬರೆಯುತ್ತಿದ್ದರು. ವಿನಿಫ್ರೆಡ್‌ಳಿಗೆ ಮಾತ್ರ ಬೆನ್ನ ಹಿಂದೆ, ಸೊಂಟದೆತ್ತರದಲ್ಲಿ, ಪುಟ್ಟ ಹಲ್ಲುಗಳ ಕರಕರ ಕೇಳಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಏಳನೇದು ಯಾರದು?"

"ನಂದೇ," ಎಂದ ಗುಡ್ಡದಾಚೆಯ ಬೀವನ್. "ಯಾಕಮ್ಮಾ, ಹೊಟ್ಟೆಕಿಚ್ಚಾ?"

"ರೆಂಬೆ ಎಲ್ಲಿ ಕದ್ದೆ?"

ಬೀವನ್‌ನ ನಗು ಇಳಿಯಿತು. "ಕದ್ದಿಲ್ಲ. ನಿನ್ನ ಗಂಡನೇ ಒದ್ದೆ ಗೋಣೀಲಿ ಸುತ್ತಿ ತಂದು ಕೊಟ್ಟ. ತನ್ನ ಕಣ್ಣಿಗೆ ಬೀಳದ ಕಡೆ ಕಸಿ ಕಟ್ಟು ಅಂದ. ಆದ್ರೆ ಪ್ರತಿ ವರ್ಷ ಹಣ್ಣಾದಾಗ ಬಂದು ಅದರಡಿ ನಿಂತಿರ್ತಾನೆ. ಈಗ ಕಾಂಡಕ್ಕೆ ಹುಣ್ಣು ಬಿದ್ದಿದೆ, ಮರ ಬಾಳಲ್ಲ. ಗೆದ್ರೆ ಬೇರೆ ಕಡೆ ಬದುಕೀತು ಅಂತ ಹಣ್ಣು ಇಲ್ಲಿಗೆ ತಂದೆ."

ವಿನಿಫ್ರೆಡ್ ಉರಿದುಬಿದ್ದು, ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದ ಗಂಡನತ್ತ ತಿರುಗಿದಳು. "ಇಷ್ಟು ವರ್ಷ ಒಬ್ಬನೇ ಹೋಗಿ ಅವಳನ್ನ ನೋಡ್ಕೊಂಡು ಬರ್ತಿದ್ದೆ. ನಂಗೆ ಬರೀ ಮರದ ಮೋಟು ಬಿಟ್ಟೆ."

"ಕಡಿಮೆ ಅಂಕ ಹಾಕು, ವಿನ್ನಿ," ಗ್ವಿಲಿಮ್ ಪಿಸುಗುಟ್ಟಿದ. "ಗೆದ್ರೆ ಕಸಿಗೆ ಅಂತ ಮನೆಮನೆಗೂ ರೆಂಬೆ ಹಂಚ್ತಾರೆ. ಪ್ರತಿ ಗೇಟಲ್ಲೂ ಅವಳೇ ನಿಂತಿರ್ತಾಳೆ. ನನ್ನ ಕೈಲಾಗಲ್ಲ."

"ನಿಂತಿರ್ಲಿ."

ಅವಳು ಪೂರ್ತಿ ಅಂಕ ಹಾಕಿದಳು. ಊರೂ ಹಾಕಿತು, ಏಳನೇ ತಟ್ಟೆಯೇ ಗೆದ್ದಿತು. ಆದರೆ ಹೆಸರಿಲ್ಲದ ಸೇಬಿನ ಕಸಿಯನ್ನು ಆ ಊರಲ್ಲಿ ಯಾರೂ ಮುಟ್ಟುವುದಿಲ್ಲ. ಅದು ಹುಟ್ಟಿದ ಮನೆಯವರೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೆಸರಿಡಬೇಕು.

ಎಲ್ಲರೂ ವಿನಿಫ್ರೆಡ್‌ಳತ್ತ ನೋಡಿದರು. ಅವಳು ಏಳದೆ ಗಂಡನತ್ತ ನೋಡಿದಳು. ಈ ಕೆಲಸ ಅವನದು.

ಗ್ವಿಲಿಮ್ ಮೇಜು ಹಿಡಿದು ಎದ್ದ.

"ಓಲ್ವೆನ್!"

ಮಗಳನ್ನು ಊಟಕ್ಕೆ ಕರೆಯುವವನ ಹಾಗೆ, ಗಟ್ಟಿಯಾಗಿ ಕೂಗಿಬಿಟ್ಟಿದ್ದ. ಸಭಾಂಗಣ ಅಗಿಯುವುದನ್ನು ನಿಲ್ಲಿಸಿತು. ಗಂಡ ಹೆಂಡತಿ ಇಬ್ಬರೂ ಬಾಗಿಲ ಕಡೆ ತಿರುಗಿ ಕಾದರು.